ಅರ ನಿಲ್ಲಬೇಕಾದ ಜಾಗ

ಟೂ ಸ್ಟ್ರೋಕ್ ಎಂಜಿನ್ನಿನ ಹೆಡ್ ಬಿಚ್ಚಿ ನೋಡಿದವರಿಗೆ ಮೊದಲು ಆಗುವುದು ನಿರಾಸೆ. ಒಳಗೆ ಏನೂ ಇಲ್ಲ. ವಾಲ್ವಿಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಒಂದು ಕೊಳವೆ, ಅದರೊಳಗೆ ಮೇಲೆ ಕೆಳಗೆ ಓಡಾಡುವ ಒಂದು ಪಿಸ್ಟನ್, ಕೊಳವೆಯ ಗೋಡೆಯಲ್ಲಿ ನಾಲ್ಕಾರು ಕಿಟಕಿ. ಅಷ್ಟೇ. ಪಿಸ್ಟನ್ ಕೆಳಗಿಳಿದರೆ ಕಿಟಕಿ ತೆರೆಯುತ್ತದೆ, ಮೇಲೇರಿದರೆ ಮುಚ್ಚುತ್ತದೆ. ಸುಟ್ಟ ಹೊಗೆ ಯಾವಾಗ ಹೊರಗೆ ಹೋಗಬೇಕು, ಹೊಸ ಪೆಟ್ರೋಲು-ಗಾಳಿ ಯಾವಾಗ ಒಳಗೆ ನುಗ್ಗಬೇಕು ಎಂಬುದನ್ನೆಲ್ಲ ಆ ಕಿಟಕಿಗಳ ಎತ್ತರವೇ ತೀರ್ಮಾನಿಸುತ್ತದೆ. ಹಾಗಾಗಿ ಒಂದು ಅರ, ಒಂದು ಕೈ ಗ್ರೈಂಡರ್ ಇದ್ದರೆ ಯಾರು ಬೇಕಾದರೂ ಈ ಎಂಜಿನ್ನಿನ ಸ್ವಭಾವ ಬದಲಿಸಬಹುದು. ಯಾರು ಬೇಕಾದರೂ ಹಾಳೂ ಮಾಡಬಹುದು. ಉಜ್ಜಿ ತೆಗೆದ ಕಬ್ಬಿಣವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ನಮ್ಮ ದೊಡ್ಡಪ್ಪನ ಮಗನಿಗೆ ಕಳೆದ ವರ್ಷ ಶುಂಠಿಗೆ ಒಳ್ಳೆಯ ರೇಟು ಸಿಕ್ಕಿತು. ಸಾಲ ತೀರಿಸಿ ಉಳಿದ ದುಡ್ಡಿನಲ್ಲಿ ಅಣ್ಣ ಮಾಡಬೇಕೆಂದುಕೊಂಡಿದ್ದು ಒಂದೇ ಕೆಲಸ: ದೊಡ್ಡಪ್ಪ ಬಿಟ್ಟುಹೋದ ಆರ್‌ಎಕ್ಸ್ 135 ಬೈಕನ್ನು ಸ್ಟ್ರೋಕರ್ ಮಾಡಿ, ಸುಗ್ಗಿ ಮುಗಿದ ಮೇಲೆ ಗದ್ದೆ ಬಯಲಿನಲ್ಲಿ ನಡೆಯುವ ಡರ್ಟ್ ಟ್ರ್ಯಾಕ್ ರೇಸಿಗೆ ಇಳಿಸುವುದು. ದೊಡ್ಡಪ್ಪ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದವರು. ದನಗಳ ಇಂಜೆಕ್ಷನ್ನಿನ ನೈಟ್ರೋಜನ್ ಕ್ಯಾನು ಹಿಂದೆ ಕಟ್ಟಿಕೊಂಡು, ಹದಿನೈದಿಪ್ಪತ್ತು ಹಳ್ಳಿಗಳನ್ನು ಅದೇ ಬೈಕಿನಲ್ಲಿ ಸುತ್ತುತ್ತಿದ್ದರು. ದೊಡ್ಡಮ್ಮನಿಗೆ ಬೈಕ್ ಮಾರುವುದು ಇಷ್ಟವಿಲ್ಲ, ಬಿಚ್ಚುವುದು ಅದಕ್ಕಿಂತ ಇಷ್ಟವಿಲ್ಲ.

ಸ್ಟ್ರೋಕರ್ ಅಂದರೆ ಏನು ಅಂತ ಒಂದು ಮಾತು. ಎಂಜಿನ್ನಿನ ಸಿಸಿ ಹೆಚ್ಚಿಸಲು ದಾರಿ ಎರಡು. ಕೊಳವೆಯನ್ನು ಅಗಲ ಮಾಡುವುದು ಒಂದು, ಅದೇ ಬೋರಿಂಗ್. ಪಿಸ್ಟನ್ ಓಡಾಡುವ ದೂರವನ್ನು ಉದ್ದ ಮಾಡುವುದು ಇನ್ನೊಂದು, ಅದು ಸ್ಟ್ರೋಕರ್. ಆರ್‌ಎಕ್ಸ್ 100ರಲ್ಲಿ ಬೋರು 50 ಮಿ.ಮೀ., ಸ್ಟ್ರೋಕು 50 ಮಿ.ಮೀ., ಒಟ್ಟು 98 ಸಿಸಿ. ಆರ್‌ಎಕ್ಸ್ 135ರಲ್ಲಿ ಸ್ಟ್ರೋಕು ಅದೇ 50, ಬೋರು ಮಾತ್ರ 58. ಹಾಗಾಗಿ 132 ಸಿಸಿ. ಅಂದರೆ ಕಂಪನಿಯವರೇ ಅಗಲದ ದಾರಿ ಹಿಡಿದು ಮುಗಿಸಿದ್ದರು, ಅಣ್ಣನಿಗೆ ಉಳಿದಿದ್ದು ಉದ್ದದ ದಾರಿ. ಸ್ಟ್ರೋಕನ್ನು 54ಕ್ಕೆ ಎಳೆದರೆ 142 ಸಿಸಿ ದಾಟುತ್ತದೆ. ನೂರಕ್ಕೆ ಎಂಟರಷ್ಟು ಹೆಚ್ಚು. ಕೇಳಲು ದೊಡ್ಡದಲ್ಲ. ಆದರೆ ಕೆಸರಿನ ತಿರುವಿನಿಂದ ಮೇಲೇಳುವಾಗ ಬೇಕಾಗುವುದು ಆ ಎಂಟೇ. ನಮ್ಮ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ 250ರ ಬೋರು 65, ಸ್ಟ್ರೋಕು 75. ಅದು ಮೂರು ಜನರನ್ನು ಕೂರಿಸಿಕೊಂಡು ಗುಡುಗುಡು ಅಂತ ದಿಬ್ಬ ಹತ್ತುತ್ತಿದ್ದುದರಲ್ಲಿ ಆ ಉದ್ದದ ಪಾಲೂ ಇತ್ತು.

ನಮ್ಮ ತಾಲ್ಲೂಕು ಪೇಟೆಯಲ್ಲಿ ಈ ಕೆಲಸ ಗೊತ್ತಿರುವವರು ಒಬ್ಬರೇ. ಎಲ್ಲರೂ ಅವರನ್ನು ಕರೆಯುವುದು ಲೇತ್ ಭಾಯ್ ಅಂತ. ಹುಡುಗರಾಗಿದ್ದಾಗ ಜಾವಾ, ಯೆಜ್ಡಿಗಳ ಕ್ರ್ಯಾಂಕ್ ಕೂರಿಸುತ್ತ ಕೈ ಪಳಗಿಸಿಕೊಂಡವರು. ಎಡಗಿವಿ ಪೂರ್ತಿ ಹೋಗಿದೆ. ನಲವತ್ತು ವರ್ಷ ಸೈಲೆನ್ಸರ್ ಇಲ್ಲದ ಎಂಜಿನ್ನುಗಳ ಪಕ್ಕ ನಿಂತರೆ ಇನ್ನೇನಾಗುತ್ತದೆ.

ಅಣ್ಣ ಬೈಕ್ ನಿಲ್ಲಿಸಿದ ಕೂಡಲೇ ಭಾಯ್ ಬ್ಲಾಕಿನ ಮೇಲೆ ಕೈಯಾಡಿಸಿ ನೋಡಿದರು. "ಇದು ಬೋರೇ ಆಗಿಲ್ಲ ಕಣೋ. ಕಂಪನಿ ಬ್ಲಾಕು. ಇದನ್ನ ನಾನು ಮುಟ್ಟಲ್ಲ" ಅಂದರು.

"ದುಡ್ಡು ಕೊಡ್ತೀನಲ್ಲ ಭಾಯ್."

"ದುಡ್ಡಿನ ಮಾತಲ್ಲಪ್ಪ. ಇವತ್ತು ಉಜ್ಜಿಬಿಟ್ರೆ ನಾಳೆ ಎಲ್ಲಿಂದ ತರ್ತೀಯ ಇಂಥದ್ದು? ಗುಜರಿಯಲ್ಲಿ ಸವೆದಿರೋ ಬ್ಲಾಕು, ಹಳೇ ಕ್ರ್ಯಾಂಕು ಹುಡುಕ್ಕೊಂಡು ಬಾ. ಅದರ ಮೇಲೆ ನಿನ್ನ ಆಸೆ ತೀರಿಸಿಕೊ."

ಭಾಯ್ ಹೇಳಿದ್ದರಲ್ಲಿ ಭಾವುಕತೆಗಿಂತ ಲೆಕ್ಕ ಜಾಸ್ತಿ. ಆರ್‌ಎಕ್ಸ್ 100 ಭಾರತಕ್ಕೆ ಬಂದಿದ್ದು 1985ರಲ್ಲಿ, ನಿಂತಿದ್ದು 1996ರಲ್ಲಿ. 135 ಕೂಡ 2005ಕ್ಕೆ ಮುಗಿಯಿತು. ಹೊಗೆಯ ನಿಯಮಗಳು ಬಿಗಿಯಾದಂತೆ ಟೂ ಸ್ಟ್ರೋಕ್ ಬೈಕುಗಳ ಕಾಲವೇ ಹೋಯಿತು. ಈಗ ಪೇಟೆಯಲ್ಲಿ ಸಿಗುವ ಹೊಸ ಬ್ಲಾಕುಗಳಲ್ಲಿ ಬಹುಪಾಲು ನಕಲಿ. ಇನ್ನೊಂದು ಕಾರಣವೂ ಇದೆ, ಅದನ್ನು ಹೇಳಿದವಳು ನಾನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿ ವಿವರಕ್ಕೆ ಹೊಂದದಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿದೆ. ಸ್ಟ್ರೋಕರ್ ಎಂಜಿನ್ನಿಗೆ ರಸ್ತೆಯಲ್ಲಿ ಜಾಗವಿಲ್ಲ, ಬಯಲಿನಲ್ಲಿ ಮಾತ್ರ. ಕೊನೆಗೆ ದೊಡ್ಡಪ್ಪನ ಬೈಕು ಹಾಗೇ ಮನೆಗೆ ಹೋಯಿತು. ದೊಡ್ಡಮ್ಮ ಅದರ ಮೇಲೆ ಮತ್ತೆ ಗೋಣಿಚೀಲ ಹೊದಿಸಿದರು. ಅಣ್ಣ ಹಾಸನದ ಗುಜರಿಯಿಂದ ನಂಬರಿಲ್ಲದ ಒಂದು ಫ್ರೇಮು, ಅರೆಬರೆ ಎಂಜಿನ್ನು ಹೊತ್ತು ತಂದ.

ಕೆಲಸ ಶುರುವಾಗುವುದು ಕ್ರ್ಯಾಂಕಿನಿಂದ. ಆರ್‌ಎಕ್ಸ್ ಕ್ರ್ಯಾಂಕ್ ಒಂದೇ ತುಂಡಲ್ಲ. ಬೀಸುಕಲ್ಲಿನಂಥ ಎರಡು ಗುಂಡು ತಟ್ಟೆಗಳು, ನಡುವೆ ಒಂದು ಪಿನ್ನು, ಪಿನ್ನಿಗೆ ಸೂಜಿ ಬೇರಿಂಗಿನಲ್ಲಿ ಕೂತ ಕನೆಕ್ಟಿಂಗ್ ರಾಡು. ಎಲ್ಲವೂ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿದ್ದು. ಪಿನ್ನು ನಡುಬಿಂದುವಿನಿಂದ 25 ಮಿ.ಮೀ. ದೂರದಲ್ಲಿದ್ದರೆ ಸ್ಟ್ರೋಕು ಅದರ ಎರಡರಷ್ಟು, 50. ಪಿನ್ನನ್ನು 2 ಮಿ.ಮೀ. ಹೊರಗೆ ಸರಿಸಿದರೆ ಸ್ಟ್ರೋಕು 54. ಸರಿಸುವುದು ಹೇಗೆ? ಹಳೆಯ ತೂತಿಗೆ ವೆಲ್ಡಿಂಗ್ ತುಂಬಿ ಹೊಸ ತೂತು ಕೊರೆಯಬಹುದು, ಆದರೆ ಬಿಸಿಗೆ ತಟ್ಟೆ ಸೊಟ್ಟಗಾಗುವ ಭಯ. ಇಲ್ಲವೇ ಎರಡು ತುದಿ ಹಳೆಯ ತೂತಿನಲ್ಲಿ ಕೂತು, ಹೊಟ್ಟೆ ಮಾತ್ರ 2 ಮಿ.ಮೀ. ಆಚೆಗೆ ಉಬ್ಬಿರುವ ಎಕ್ಸೆಂಟ್ರಿಕ್ ಪಿನ್ನು ಹಾಕಬಹುದು. ನಾವು ಬೆಂಗಳೂರಿನಿಂದ ತರಿಸಿದ್ದು ಅದನ್ನೇ. ಆ ಉಬ್ಬು ಸರಿಯಾಗಿ ಹೊರದಿಕ್ಕಿಗೇ ಮುಖ ಮಾಡಬೇಕು, ಕೂದಲೆಳೆ ತಿರುಗಿದರೂ ಲೆಕ್ಕ ಕೆಡುತ್ತದೆ. ಭಾಯ್ ತಟ್ಟೆಯ ಮೇಲೂ ಪಿನ್ನಿನ ಮೇಲೂ ಗೀಟು ಎಳೆದುಕೊಂಡು, ಗೀಟಿಗೆ ಗೀಟು ಕೂಡಿಸಿ ಪ್ರೆಸ್ಸಿಗೆ ಕೊಟ್ಟರು.

ಆಮೇಲೆ ಅದನ್ನು ನೆಟ್ಟಗೆ ಮಾಡುವ ಕೆಲಸ. ನಾನು ಒಂದು ಮಧ್ಯಾಹ್ನ ಪೂರ್ತಿ ಇದನ್ನೇ ನೋಡುತ್ತ ಕೂತಿದ್ದೆ. ಕ್ರ್ಯಾಂಕನ್ನು ಲೇತಿನ ಎರಡು ಸೆಂಟರುಗಳ ನಡುವೆ ಹಿಡಿಸಿ, ಡಯಲ್ ಗೇಜಿನ ಮುಳ್ಳು ತಾಗಿಸಿ, ಕೈಯಿಂದ ನಿಧಾನ ತಿರುಗಿಸುವುದು. ಮುಳ್ಳು ಆಡಿದ ಕಡೆ ತಾಮ್ರದ ಸುತ್ತಿಗೆಯಲ್ಲಿ ಒಂದೇಟು. ಮತ್ತೆ ತಿರುಗಿಸುವುದು, ಮತ್ತೊಂದೇಟು. ಮಿಲಿಮೀಟರಿನ ನೂರನೇ ಒಂದು ಭಾಗಕ್ಕೆ ಅವರು 'ಪಾಯಿಂಟ್' ಅನ್ನುತ್ತಾರೆ. ಮೊದಲು ಹದಿನಾಲ್ಕು ಪಾಯಿಂಟ್ ಆಡುತ್ತಿದ್ದ ಮುಳ್ಳು ಸಂಜೆ ಚಹಾ ಹೊತ್ತಿಗೆ ಎರಡಕ್ಕೆ ಬಂತು. ಎಷ್ಟು ಜೋರಾಗಿ ಹೊಡೆಯಬೇಕು ಅಂತ ಹೇಗೆ ಗೊತ್ತಾಗುತ್ತದೆ ಭಾಯ್ ಎಂದು ಕೇಳಿದೆ. "ಕಿವಿ ಇದ್ದಾಗ ಸದ್ದಿನಲ್ಲಿ ಗೊತ್ತಾಗ್ತಿತ್ತವ್ವ. ಈಗ ಮಣಿಕಟ್ಟಿನಲ್ಲಿ" ಅಂದರು.

ಸ್ಟ್ರೋಕು ಉದ್ದವಾದ ಕೂಡಲೇ ಉಳಿದಿದ್ದೆಲ್ಲ ಜಗಳಕ್ಕೆ ಬರುತ್ತದೆ. ಪಿಸ್ಟನ್ ಮೊದಲಿಗಿಂತ 2 ಮಿ.ಮೀ. ಮೇಲೆ ಹೋಗುತ್ತದೆ, ಹೆಡ್ಡಿಗೆ ಬಡಿಯುತ್ತದೆ. 2 ಮಿ.ಮೀ. ಕೆಳಗೂ ಹೋಗುತ್ತದೆ, ಅದರ ಕೆಳಅಂಚು ಕ್ರ್ಯಾಂಕಿನ ತಟ್ಟೆಗೆ ತಾಗುವಷ್ಟು ಹತ್ತಿರ ಬರುತ್ತದೆ. ರಾಡಿನ ದಪ್ಪ ತಲೆ ಇನ್ನೂ ಅಗಲವಾದ ವೃತ್ತದಲ್ಲಿ ಸುತ್ತುವುದರಿಂದ ಕೇಸಿನ ಒಳಗೋಡೆಗೆ ಸಂದು ಸಾಕೋ ಇಲ್ಲವೋ ನೋಡಬೇಕು. ಮೊದಲ ಸಮಸ್ಯೆಗೆ ಪರಿಹಾರ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪಟ್ಟಿ. ಅದನ್ನು ಬ್ಲಾಕಿನ ಬುಡಕ್ಕೆ ಹಾಕಬಹುದು, ಬ್ಲಾಕಿನ ತಲೆಗೂ ಹಾಕಬಹುದು. ಎರಡೂ ಒಂದೇ ಅಲ್ಲವೇ ಎಂದು ಮೊದಲು ನನಗೂ ಅನ್ನಿಸಿತ್ತು. ಅಣ್ಣ ಮತ್ತು ಭಾಯ್ ನಡುವೆ ನಾಲ್ಕು ದಿನ ಮಾತು ನಿಂತಿದ್ದು ಇದೇ ವಿಷಯಕ್ಕೆ.

ಕಿಟಕಿಗಳ ಲೆಕ್ಕ ಅರ್ಥವಾಗಬೇಕಾದರೆ ಅವುಗಳ ನಕ್ಷೆ ಬೇಕು. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆಯೇ. ಬ್ಲಾಕಿನ ಒಳಗೆ ಕಾಗದ ಸುತ್ತಿ ಕೂರಿಸಿ, ಬೆರಳಿಗೆ ಮಸಿ ಹಚ್ಚಿ ಕಿಟಕಿಗಳ ಅಂಚಿನ ಮೇಲೆ ಒತ್ತಬೇಕು. ಬಿಡಿಸಿ ಹರಡಿದರೆ ಎಂಜಿನ್ನಿನ ಜಾತಕವೇ ಕಣ್ಣಮುಂದೆ. ನಡುವೆ ದೊಡ್ಡದು ಎಕ್ಸಾಸ್ಟ್ ಕಿಟಕಿ, ಅದರ ಮಾಡು ಎಲ್ಲಕ್ಕಿಂತ ಎತ್ತರ. ಎರಡೂ ಪಕ್ಕ ಸ್ವಲ್ಪ ತಗ್ಗಿನಲ್ಲಿ ಟ್ರಾನ್ಸ್‌ಫರ್ ಕಿಟಕಿಗಳು. ಮೊದಲು ಎಕ್ಸಾಸ್ಟ್ ತೆರೆದು ಹೊಗೆಯ ಒತ್ತಡ ಇಳಿಯಬೇಕು, ಆಮೇಲೆ ಟ್ರಾನ್ಸ್‌ಫರ್ ತೆರೆದು ಕೆಳಗಿನ ಕೇಸಿನಿಂದ ಹೊಸ ಗಾಳಿ ಮೇಲೆ ಬರಬೇಕು. ಈ ತೆರೆಯುವಿಕೆಯನ್ನು ಅಳೆಯುವುದು ಕ್ರ್ಯಾಂಕ್ ತಿರುಗಿದ ಡಿಗ್ರಿಗಳಲ್ಲಿ. ಹಳೆಯ ಸಿಡಿ ಮೇಲೆ ಡಿಗ್ರಿ ಚಕ್ರದ ಪ್ರಿಂಟು ಅಂಟಿಸಿ ಮ್ಯಾಗ್ನೆಟ್ ತುದಿಗೆ ಸಿಕ್ಕಿಸಿದೆವು, ಮುಳ್ಳಿಗೆ ಒಂದು ಸೈಕಲ್ ಕಡ್ಡಿ.

ಈಗ ಲೆಕ್ಕ ನೋಡಿ. ಸುಲಭಕ್ಕೆ ರಾಡಿನ ಉದ್ದ 100 ಮಿ.ಮೀ., ಎಕ್ಸಾಸ್ಟ್ ಮಾಡು ಬ್ಲಾಕಿನ ಮೇಲ್ತುದಿಯಿಂದ 25 ಮಿ.ಮೀ. ಕೆಳಗೆ ಎಂದಿಟ್ಟುಕೊಳ್ಳೋಣ. 50ರ ಸ್ಟ್ರೋಕಿನಲ್ಲಿ ಆ ಕಿಟಕಿ ಒಂದು ಸುತ್ತಿನಲ್ಲಿ ಸುಮಾರು 194 ಡಿಗ್ರಿ ತೆರೆದಿರುತ್ತದೆ. ಸ್ಟ್ರೋಕು 54 ಮಾಡಿ ಪಟ್ಟಿಯನ್ನು ಬುಡಕ್ಕೆ ಹಾಕಿದರೆ ಬ್ಲಾಕು ಪೂರ್ತಿ 2 ಮಿ.ಮೀ. ಮೇಲೇಳುತ್ತದೆ, ಕಿಟಕಿಗಳೂ ಮೇಲೇಳುತ್ತವೆ. ಅದೇ ಕಿಟಕಿ ಈಗ ಸುಮಾರು 204 ಡಿಗ್ರಿ. ಅರ ಮುಟ್ಟದೆಯೇ ಹತ್ತು ಡಿಗ್ರಿ ಪೋರ್ಟಿಂಗ್ ಆಗಿಹೋಯಿತು! ಪಟ್ಟಿಯನ್ನು ತಲೆಗೆ ಹಾಕಿದರೆ ಬ್ಲಾಕು ಇದ್ದಲ್ಲೇ ಇರುತ್ತದೆ. ಪಿಸ್ಟನ್ ಮೇಲ್ತುದಿಯಲ್ಲಿ ಬ್ಲಾಕಿನಿಂದ 2 ಮಿ.ಮೀ. ಹೊರಗೆ ಇಣುಕುತ್ತದೆ, ಕಿಟಕಿ ಹೆಚ್ಚುಕಡಿಮೆ 195-196 ಡಿಗ್ರಿಯಲ್ಲೇ ನಿಲ್ಲುತ್ತದೆ. ಎರಡೇ ಮಿಲಿಮೀಟರಿನ ಒಂದು ಪಟ್ಟಿ ಎಲ್ಲಿ ಕೂರುತ್ತದೆ ಎನ್ನುವುದರ ಮೇಲೆ ಎರಡು ಬೇರೆ ಬೇರೆ ಎಂಜಿನ್ನು.

ಅಣ್ಣ ವಿಡಿಯೋಗಳನ್ನು ನೋಡಿಕೊಂಡು ಬಂದಿದ್ದ. ಪಟ್ಟಿ ಬುಡಕ್ಕೇ ಇರಲಿ, ಅದರ ಮೇಲೆ ಎಕ್ಸಾಸ್ಟ್ ಮಾಡನ್ನು ಇನ್ನೂ 2 ಮಿ.ಮೀ. ಉಜ್ಜಿ ಎತ್ತರಿಸಿ ಅಂದ. ಭಾಯ್ ಆಗಲ್ಲ ಅಂದರು. ಎತ್ತರದ ಕಿಟಕಿ ಹೆಚ್ಚಿನ ಆರ್‌ಪಿಎಂನಲ್ಲಿ ಮಾತ್ರ ಬಲ ಕೊಡುತ್ತದೆ, ಕೆಳಗೆ ಎಂಜಿನ್ನು ಸತ್ತಂತಿರುತ್ತದೆ. ಕಿಟಕಿ ಬೇಗ ತೆರೆದರೆ, ಪಿಸ್ಟನ್ನನ್ನು ಇನ್ನೂ ತಳ್ಳುತ್ತಿರುವ ಒತ್ತಡವೇ ಸೈಲೆನ್ಸರಿಗೆ ಓಡಿಹೋಗುತ್ತದೆ. ತಡವಾಗಿ ಮುಚ್ಚುವುದರಿಂದ ಹೊಸ ಪೆಟ್ರೋಲೂ ಅದರ ಹಿಂದೆಯೇ. ಅದನ್ನು ಹಿಡಿದು ವಾಪಸ್ ಕಳಿಸಲು ಹೊಟ್ಟೆ ಉಬ್ಬಿದ ರೇಸ್ ಸೈಲೆನ್ಸರು ಬೇಕು. ಅದರ ಹಿಂಬದಿಯ ಕೋನಕ್ಕೆ ಬಡಿದ ಅಲೆ ತಿರುಗಿ ಬಂದು, ಹೊರಗೆ ಜಾರಿದ ಪೆಟ್ರೋಲನ್ನು ಕಿಟಕಿ ಮುಚ್ಚುವ ಮೊದಲು ಒಳಗೆ ತಳ್ಳುತ್ತದೆ. ನಮ್ಮಲ್ಲಿ ಇದ್ದದ್ದು ಕಂಪನಿ ಸೈಲೆನ್ಸರು.

ಈ ಅಲೆಯ ವಿದ್ಯೆಯನ್ನು ಪಳಗಿಸಿದವನು ಪೂರ್ವ ಜರ್ಮನಿಯ ಚೋಪಾವು ಎಂಬ ಊರಿನ ಎಂಝಡ್ ಕಾರ್ಖಾನೆಯ ವಾಲ್ಟರ್ ಕಾಡೆನ್. 1961ರಲ್ಲಿ ಅವನ 125 ಸಿಸಿ ಎಂಜಿನ್ನು 25 ಎಚ್‌ಪಿ ಕೊಟ್ಟಿತು, ಲೀಟರಿಗೆ 200 ಎಚ್‌ಪಿ ಲೆಕ್ಕ. ನಮ್ಮ ಆರ್‌ಎಕ್ಸ್ 100 ಕೊಡುತ್ತಿದ್ದುದು 11. ಅದೇ ವರ್ಷ ಅವನ ರೇಸರ್ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ ರೇಸಿನ ಹೊತ್ತಿಗೆ ಪಕ್ಷಾಂತರ ಮಾಡಿ ಸುಜುಕಿ ಸೇರಿದ. ಗುಟ್ಟೂ ಅವನ ಜೊತೆ ಜಪಾನಿಗೆ ಹೋಯಿತು. ಮರುವರ್ಷವೇ ಸುಜುಕಿ 50 ಸಿಸಿ ವಿಶ್ವ ಚಾಂಪಿಯನ್. ಇನ್ನೂ ಒಂದು ತಮಾಷೆಯ ಸಂಬಂಧ ಇದೆ. ಯಮಹಾ 1955ರಲ್ಲಿ ತಯಾರಿಸಿದ ತನ್ನ ಮೊಟ್ಟಮೊದಲ ಬೈಕಿಗೆ ಮಾದರಿಯಾಗಿ ಇಟ್ಟುಕೊಂಡಿದ್ದು ಡಿಕೆಡಬ್ಲ್ಯು ಆರ್‌ಟಿ 125. ಅದು ಹುಟ್ಟಿದ್ದೂ ಚೋಪಾವಿನಲ್ಲೇ. ಇದನ್ನೆಲ್ಲ ಓದಿಕೊಂಡು ಹೋಗಿ ಭಾಯ್‌ಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಆ ಓಡಿಹೋದವನ ಹೆಂಡ್ತಿ ಮಕ್ಕಳು?" ಅವರನ್ನೂ ಗಡಿ ದಾಟಿಸಿದ್ದನಂತೆ ಅಂದೆ. "ಹಾಗಾದ್ರೆ ಸರಿ" ಅಂದು ಬೀಡಿ ಹಚ್ಚಿದರು.

ಭಾಯ್ ಹಟ ಹಿಡಿದದ್ದಕ್ಕೆ ಇನ್ನೊಂದು ಕಾರಣ ಶೆಲ್ಫಿನ ಮೇಲಿತ್ತು. ನಾಲ್ಕು ದಿನ ಮುನಿಸಿಕೊಂಡು ಕೂತ ಅಣ್ಣ ಐದನೇ ದಿನ ಬಂದಾಗ ಅದನ್ನು ಇಳಿಸಿ ಅವನ ಕೈಗಿಟ್ಟರು. ಇನ್ನೊಂದು 135ರ ಬ್ಲಾಕು. ಎಕ್ಸಾಸ್ಟ್ ಕಿಟಕಿ 40 ಮಿ.ಮೀ. ದಾಟಿ ಅಗಲವಾಗಿತ್ತು, ಮಾಡು ಸಪಾಟು, ಮೂಲೆಗಳು ಚೌಕ. ಒಳಗೋಡೆಯಲ್ಲಿ ಮೇಲಿಂದ ಕೆಳಗೆ ನೇಗಿಲು ಹೊಡೆದ ಹಾಗೆ ಗೀರು. ಪಿಸ್ಟನ್ನಿನ ರಿಂಗು ಸ್ಪ್ರಿಂಗಿನಂತೆ ಸದಾ ಹೊರಗೆ ಒತ್ತುತ್ತಿರುತ್ತದೆ. ಗೋಡೆ ಇರುವಲ್ಲಿ ಗೋಡೆ ತಡೆಯುತ್ತದೆ, ಕಿಟಕಿ ಬಂದಲ್ಲಿ ರಿಂಗು ಹೊರಗೆ ಇಣುಕುತ್ತದೆ. ಕಿಟಕಿ ಬೋರಿನ ಅಗಲದ ಮೂರನೇ ಎರಡು ಭಾಗ ಮೀರಿತೆಂದರೆ ಇಣುಕುವುದು ಹೆಚ್ಚು. ಮಾಡು ಬಿಲ್ಲಿನಂತೆ ಬಾಗಿದ್ದರೆ ರಿಂಗು ನಿಧಾನ ಒಳಗೆ ಜಾರುತ್ತದೆ. ಸಪಾಟಾಗಿದ್ದರೆ ಅಂಚಿಗೆ ಸಿಕ್ಕಿ ಮುರಿಯುತ್ತದೆ.

"ಈ ಹುಡುಗ ಹಿಂಗೇ ಬೇಕು ಅಂತ ಬರೆದುಕೊಂಡು ಬಂದಿದ್ದ. ನಾನೇ ಉಜ್ಜಿ ಕೊಟ್ಟೆ. ಘಾಟಿ ಇಳಿಜಾರಿನಲ್ಲಿ ರಿಂಗು ಮುರೀತು, ಎಂಜಿನ್ನು ಹಿಡೀತು, ಹಿಂದಿನ ಚಕ್ರ ಲಾಕ್ ಆಯ್ತು. ಇವತ್ತಿಗೂ ಅವನ ಮಂಡಿ ಮಡಚಲ್ಲ" ಅಂದರು ಭಾಯ್. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಅಣ್ಣ ಬ್ಲಾಕನ್ನು ತಿರುಗಿಸಿ ತಿರುಗಿಸಿ ನೋಡಿ, "ಪಟ್ಟಿ ತಲೆಗೇ ಹಾಕಿ ಭಾಯ್" ಅಂದ.

ಹಾಗೆ ತೀರ್ಮಾನವಾದ ಮೇಲೆ ಮಾಡಿಗೆ ಅರ ಮುಟ್ಟಲಿಲ್ಲ. ಮುಟ್ಟಿದ್ದು ನೆಲಕ್ಕೆ. ಪಿಸ್ಟನ್ ಈಗ ಕೆಳತುದಿಯಲ್ಲಿ ಕಿಟಕಿಗಳ ನೆಲಕ್ಕಿಂತ 2 ಮಿ.ಮೀ. ಕೆಳಗೆ ಇಳಿಯುತ್ತಿತ್ತು, ಅಲ್ಲೊಂದು ಹೊಸ್ತಿಲು ಉಳಿದಂತಾಗಿತ್ತು. ಎಕ್ಸಾಸ್ಟ್ ಮತ್ತು ಟ್ರಾನ್ಸ್‌ಫರ್ ಎರಡರ ನೆಲವನ್ನೂ ಆ 2 ಮಿ.ಮೀ. ಇಳಿಸಿದರೆ ತೆರೆಯುವ ಹೊತ್ತು ಬದಲಾಗುವುದಿಲ್ಲ, ಬಾಗಿಲು ಮಾತ್ರ ದೊಡ್ಡದಾಗುತ್ತದೆ. ಭಾಯ್ ಒಳಗೋಡೆಗೆ ನೀಲಿ ಬಣ್ಣ ಬಳಿದು, ಗೀಟು ಕೊರೆದು, ಗೀಟಿನ ಈಚೆಗೆ ಕೂದಲಷ್ಟು ಬಿಟ್ಟು ಗ್ರೈಂಡರ್ ನಿಲ್ಲಿಸುತ್ತಿದ್ದರು. ಉಳಿದದ್ದು ಕೈ ಅರದಲ್ಲಿ. ಆಮೇಲೆ ಕಿಟಕಿಗಳ ಅಂಚನ್ನೆಲ್ಲ ನುಣ್ಣಗೆ ಮಾಡಿ ಮೊನಚು ತೆಗೆದರು. ಬ್ಲಾಕಿನ ಬುಡ, ಪ್ಯಾಕಿಂಗು, ಕೇಸು ಈ ಮೂರೂ ಕೂಡುವಲ್ಲಿ ಮೆಟ್ಟಿಲು ಉಳಿಯದಂತೆ ಸವರಿದರು. ಜನ ಪೋರ್ಟಿಂಗ್ ಅಂದಾಗ ಕನ್ನಡಿಯಂತೆ ಪಾಲಿಶ್ ಮಾಡುವುದು ಅಂದುಕೊಳ್ಳುತ್ತಾರೆ. ಅದು ಫೋಟೋಗೆ ಚಂದ. ಗಾಳಿಗೆ ಬೇಕಾದ್ದು ಎಡವದ ದಾರಿ.

ನೆಲ ಇಳಿಸಿದ್ದರಿಂದ ಒಂದು ಅಪಾಯ ಹುಟ್ಟಿತು. ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಅದರ ಕೆಳಅಂಚು ಎಕ್ಸಾಸ್ಟ್ ಕಿಟಕಿಯ ನೆಲಕ್ಕಿಂತ ಮೇಲೆ ಹೋಗಿಬಿಟ್ಟರೆ ಕೇಸಿನ ಗಾಳಿ ನೇರ ಸೈಲೆನ್ಸರಿಗೆ ಸೋರುತ್ತದೆ. ಪಿಸ್ಟನ್ 2 ಮಿ.ಮೀ. ಮೇಲೆ ಹೋಗಿದೆ, ನೆಲ 2 ಮಿ.ಮೀ. ಕೆಳಗೆ ಬಂದಿದೆ, ಒಟ್ಟು ನಾಲ್ಕರ ವ್ಯತ್ಯಾಸ. ಬುಡದಿಂದ ಟಾರ್ಚ್ ಬಿಟ್ಟು ಎಕ್ಸಾಸ್ಟ್ ತೂತಿನಲ್ಲಿ ಕಣ್ಣಿಟ್ಟು ನೋಡಿದೆವು. ಬೆಳಕು ಕಾಣಲಿಲ್ಲ. ಕ್ರ್ಯಾಂಕಿನ ತಟ್ಟೆಗೂ ಪಿಸ್ಟನ್ನಿನ ಅಂಚಿಗೂ ಸಂದು ಸಾಲದೆ ಬೇರೆ ಎರಡು ಕಡೆ ಅಂಚನ್ನು ಕೊಂಚ ಕತ್ತರಿಸಬೇಕಾಯಿತು. ಎಕ್ಸಾಸ್ಟ್ ಕಡೆ ಮುಟ್ಟಲಿಲ್ಲ. ಇನ್ನು ಹೆಡ್ಡಿಗೂ ಪಿಸ್ಟನ್ನಿಗೂ ನಡುವಿನ ಸಂದು. ಪ್ಲಗ್ ತೂತಿನಿಂದ ಸೋಲ್ಡರ್ ತಂತಿ ಒಳಗೆ ಇಳಿಬಿಟ್ಟು ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ತಂತಿ ಚಪ್ಪಟೆಯಾಗುತ್ತದೆ. ಅದರ ದಪ್ಪವೇ ಸಂದು. ವರ್ನಿಯರ್‌ನಲ್ಲಿ 1.1 ಮಿ.ಮೀ. ಬಂತು. ಭಾಯ್ ತಲೆಯಾಡಿಸಿದರು.

ಮೊದಲ ಸಲ ಶುರು ಮಾಡುವಾಗ ಆಯಿಲ್ ಪಂಪನ್ನು ನಂಬಲಿಲ್ಲ, ಲೀಟರ್ ಪೆಟ್ರೋಲಿಗೆ 40 ಮಿ.ಲೀ. 2ಟಿ ಬೆರೆಸಿದೆವು. ಮೇನ್ ಜೆಟ್ ಬೇಕೆಂದೇ ದೊಡ್ಡದು. ಪೆಟ್ರೋಲು ಹೆಚ್ಚಾದರೆ ಎಂಜಿನ್ನು ಕೆಮ್ಮುತ್ತದೆ, ಕಡಿಮೆಯಾದರೆ ಪಿಸ್ಟನ್ ಕರಗುತ್ತದೆ. ಕೆಮ್ಮಿನಿಂದ ಶುರು ಮಾಡಿ ಕೆಳಗಿಳಿಯುವುದೇ ಸರಿ. ಮೂರು ಸಲ ಬಿಸಿ ಮಾಡಿ ತಣ್ಣಗಾಗಲು ಬಿಟ್ಟರು. ಆಮೇಲೆ ಬಯಲಿನಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಓಡಿಸಿ, ಅಲ್ಲೇ ಆಫ್ ಮಾಡಿ ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡುವುದು. ಕಪ್ಪು, ಕಪ್ಪು, ಕಡುಗಂದು. ನಾಲ್ಕನೇ ಜೆಟ್ಟಿಗೆ ಕಾಫಿಪುಡಿ ಬಣ್ಣ ಬಂತು. ಅಲ್ಲಿಗೆ ನಿಲ್ಲಿಸಿದೆವು. 9000 ಆರ್‌ಪಿಎಂ ದಾಟಿಸಬೇಡ ಅಂತ ಅಣ್ಣನಿಗೆ ಕಟ್ಟುನಿಟ್ಟು ಮಾಡಿದರು ಭಾಯ್. ಆ ವೇಗದಲ್ಲಿ 50ರ ಸ್ಟ್ರೋಕಿನ ಪಿಸ್ಟನ್ ಸರಾಸರಿ ಸೆಕೆಂಡಿಗೆ 15 ಮೀಟರ್ ಓಡಿದರೆ 54ರದ್ದು 16.2 ಮೀಟರ್. ಆ ಹೆಚ್ಚಿನ ಹೊರೆಯೆಲ್ಲ ರಾಡು, ಪಿನ್ನುಗಳ ಮೇಲೆಯೇ.

ರೇಸಿನ ದಿನ ಹಿಂದಿನ ರಾತ್ರಿಯ ಮಳೆಗೆ ಗದ್ದೆಯ ಒಂದು ಮೂಲೆ ಕೆಸರಾಗಿತ್ತು. ಆ ತಿರುವಿನಲ್ಲಿ ಉಳಿದವರೆಲ್ಲ ಎರಡನೇ ಗೇರಿಗೆ ಇಳಿಸಿ ಚಕ್ರ ಬರಿದೇ ತಿರುಗಿಸುತ್ತಿದ್ದರೆ, ಅಣ್ಣ ಮೂರನೇ ಗೇರಿನಲ್ಲೇ ಎಳೆದುಕೊಂಡು ಬರುತ್ತಿದ್ದ. ನೇರ ದಾರಿಯಲ್ಲಿ ಮಾತ್ರ ಎರಡು ಬೈಕುಗಳು ಅವನನ್ನು ಕೀರಲು ದನಿಯಲ್ಲಿ ಹಿಂದೆ ಹಾಕಿ ಹೋದವು. ಅವನ ಹೀಟ್‌ನಲ್ಲಿ ನಾಲ್ಕನೆಯವನಾದ. ಫೈನಲ್ಲಿಗೆ ಮೂರೇ ಜನ. ನೋಡಲು ಬರುವುದಿಲ್ಲ ಎಂದಿದ್ದ ದೊಡ್ಡಮ್ಮ ಬೇಲಿಯ ಹತ್ತಿರ ಕೊಡೆ ಹಿಡಿದು ನಿಂತಿದ್ದರು.

ವಾರದ ಮೇಲೆ ಭಾಯ್ ಹೆಡ್ ಬಿಚ್ಚಿದರು. ಪಿಸ್ಟನ್ ಮೇಲಿನ ಮಸಿ ಒರೆಸಿ, ರಿಂಗನ್ನು ಉಗುರಿನಿಂದ ಒತ್ತಿ ನೋಡಿದರು. ಸರಾಗವಾಗಿ ಆಡುತ್ತಿತ್ತು. ಎಕ್ಸಾಸ್ಟ್ ಮಾಡಿನ ಅಂಚಿನ ಮೇಲೆ ಬೆರಳು ಎಳೆದರು, ಎಲ್ಲೂ ತಡೆಯಲಿಲ್ಲ. ಕ್ರ್ಯಾಂಕನ್ನು ಮತ್ತೆ ಡಯಲ್ ಗೇಜಿಗೆ ಹಿಡಿದಾಗ ಮುಳ್ಳು ಮೂರು ಪಾಯಿಂಟ್ ಆಡಿತು. ತಾಮ್ರದ ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟು, ಎಲ್ಲಿ ಹೊಡೆಯಬೇಕೆಂದು ಬೆರಳಿಟ್ಟು ತೋರಿಸಿದರು.

"ಮೆಲ್ಲಗೆ ಹೊಡಿಯವ್ವ. ಸಾಲದಿದ್ರೆ ಇನ್ನೊಂದು ಹೊಡೀಬಹುದು."